ಓಐಡಿ ಹುಡುಕುವ ಟೂಲ್‌ಗೆ ಎಐ ಏಜೆಂಟ್ ಓದುವ ವಿವರಣೆ ಬರೆಯುವ ಬಗೆ: ಅಧ್ಯಯನ ಟಿಪ್ಪಣಿ

ಜಾಲದ ಉಪಕರಣಗಳಿಂದ ಮಾಹಿತಿ ಪಡೆಯುವ ಎಸ್‌ಎನ್‌ಎಂಪಿ ಎಂಬ ಪ್ರೋಟೋಕಾಲ್ ಮೂಲಕ ರೂಟರ್, ಸ್ವಿಚ್‌ಗಳ ಮೇಲೆ ನಿಗಾ ಇಡುವವರಿಗೆ ಓಐಡಿ ಹೊಸದಲ್ಲ. ಉಪಕರಣದಲ್ಲಿರುವ ಪ್ರತಿಯೊಂದು ಮಾಹಿತಿಗೂ ಚುಕ್ಕಿಗಳಿಂದ ಬೇರ್ಪಟ್ಟ ಅಂಕೆಗಳ ಒಂದು ಸರಣಿ ಇರುತ್ತದೆ; ಅದೇ ಓಐಡಿ. ಆ ಸರಣಿಯ ಹೆಸರು, ಮೌಲ್ಯದ ಬಗೆ, ಅರ್ಥ ಇವೆಲ್ಲ ಎಂಐಬಿ ಎಂಬ ವ್ಯಾಖ್ಯಾನ ಕಡತಗಳಲ್ಲಿ ದಾಖಲಾಗಿರುತ್ತವೆ. ಹೆಸರಿನಿಂದ ಅಂಕೆಗೆ, ಅಂಕೆಯಿಂದ ಹೆಸರಿಗೆ ಹೋಗಲು ನೆಟ್-ಎಸ್‌ಎನ್‌ಎಂಪಿ ಎಂಬ ತಂತ್ರಾಂಶದ ಎಸ್‌ಎನ್‌ಎಂಪಿಟ್ರಾನ್ಸ್‌ಲೇಟ್ ಆದೇಶವನ್ನು ನಾವು ಬಳಸುತ್ತೇವೆ. ಇದೇ ಹುಡುಕಾಟವನ್ನು, ಭಾಷಾ ಮಾದರಿಯಿಂದ ನಡೆಯುವ ಎಐ ಏಜೆಂಟ್‌ನ ಕೈಗೆ ಅದು ತಾನೇ ಕರೆದು ಬಳಸಬಲ್ಲ ಒಂದು ಟೂಲ್ ಆಗಿ ಕೊಡುವಾಗ ಅದರ ವಿವರಣೆಯಲ್ಲಿ ಏನೇನು ಇರಬೇಕು ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ಓದುಗ ಯಾರೆಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ಏಜೆಂಟ್‌ಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸಲೆಂದು 2024ರ ನವೆಂಬರ್‌ನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿಯಲ್ಲಿ, ಟೂಲ್‌ನ ಹೆಸರು, ವಿವರಣೆ ಮತ್ತು ಇನ್‌ಪುಟ್‌ನ ಜೇಸನ್ ಸ್ಕೀಮಾ (ಇನ್‌ಪುಟ್ ಯಾವ ರೂಪದಲ್ಲಿರಬೇಕು ಎಂಬ ವಿವರ) ಇವೇ ಮುಖ್ಯವಾಗಿ ಏಜೆಂಟ್‌ಗೆ ತಲುಪುತ್ತವೆ. ಅನುಮಾನ ಬಂದಾಗ ಎಂಜಿನಿಯರ್ ಕೈಪಿಡಿ ತೆರೆಯುತ್ತಾನೆ, ಇಲ್ಲವೇ ಪಕ್ಕದವರನ್ನು ಕೇಳುತ್ತಾನೆ; ಭಾಷಾ ಮಾದರಿಯಾದರೋ ವಿವರಣೆಯಲ್ಲಿ ಬಿಟ್ಟುಹೋದದ್ದನ್ನು ತಾನು ಹಿಂದೆ ಕಲಿತದ್ದರಿಂದ ತುಂಬಿಕೊಳ್ಳುತ್ತದೆ. ಓಐಡಿಗಳ ವಿಷಯದಲ್ಲಿ ಇದು ನಿಜಕ್ಕೂ ಅಪಾಯಕಾರಿ. 1.3.6.1.2.1.2.2.1.10 ಎಂಬುದು ಇಂಟರ್‌ಫೇಸ್‌ಗೆ, ಅಂದರೆ ಉಪಕರಣವು ಜಾಲಕ್ಕೆ ಸೇರುವ ದ್ವಾರಕ್ಕೆ, ಒಳಬಂದ ಬೈಟ್‌ಗಳ ಎಣಿಕೆ. ಕೊನೆಯ 10ರ ಜಾಗದಲ್ಲಿ 16 ಬಂದರೆ ಅದು ಹೊರಹೋದ ಬೈಟ್‌ಗಳ ಎಣಿಕೆ. ಎರಡೂ ಸರಿಯಾದ ಓಐಡಿಗಳೇ ಆದ್ದರಿಂದ ಉಪಕರಣ ಯಾವ ದೋಷವನ್ನೂ ತೋರಿಸುವುದಿಲ್ಲ, ಆದರೆ ವರದಿ ತಲೆಕೆಳಗಾಗಿರುತ್ತದೆ. ಹಾಗಾಗಿ ನೆನಪಿನಿಂದ ಓಐಡಿ ಬರೆಯದೆ ಈ ಟೂಲ್‌ನಲ್ಲಿ ಹುಡುಕಿಯೇ ಬಳಸಬೇಕು ಎಂಬ ಮಾತನ್ನು ವಿವರಣೆಯಲ್ಲಿ ನೇರವಾಗಿ ಬರೆಯಬೇಕು.

ಟೂಲ್ ಏನು ಮಾಡುವುದಿಲ್ಲ ಎಂಬುದಕ್ಕೂ ಅಷ್ಟೇ ಮಹತ್ವವಿದೆ. "ಓಐಡಿಯ ಮಾಹಿತಿ ಪಡೆಯುತ್ತದೆ" ಎಂದಷ್ಟೇ ಬರೆದರೆ, ರೂಟರ್‌ನ ಈ ಕ್ಷಣದ ಮೌಲ್ಯವೇ ಸಿಗುತ್ತದೆ ಎಂದು ಏಜೆಂಟ್ ತಿಳಿಯಬಹುದು. ಅದಕ್ಕಿಂತ ಹೀಗೆ ಬರೆಯುವುದು ಒಳಿತು: "ಸರ್ವರ್‌ನಲ್ಲಿರುವ ಎಂಐಬಿ ಕಡತಗಳಲ್ಲಿ ಓಐಡಿಯ ವ್ಯಾಖ್ಯಾನವನ್ನು ಹುಡುಕುತ್ತದೆ. ಯಾವ ಉಪಕರಣವನ್ನೂ ಸಂಪರ್ಕಿಸುವುದಿಲ್ಲ, ಈಗಿನ ಮೌಲ್ಯವನ್ನು ಕೊಡುವುದಿಲ್ಲ. ಮೌಲ್ಯ ಬೇಕಿದ್ದರೆ ಇಲ್ಲಿ ಸಿಕ್ಕ ಓಐಡಿಗೆ ಇಂಡೆಕ್ಸ್ ಸೇರಿಸಿ, ಮೌಲ್ಯ ಓದುವ ಟೂಲ್ ಬಳಸಿ." ಓಐಡಿಯ ಕೊನೆಗೆ ಸೇರುವ ಈ ಇಂಡೆಕ್ಸ್ ಎಂದರೇನೆಂಬುದನ್ನು ಇನ್‌ಪುಟ್ ಸ್ಕೀಮಾದಲ್ಲಿ ಉದಾಹರಣೆಯೊಂದಿಗೆ ತೋರಿಸಬೇಕು: ಉಪಕರಣ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂದು ಹೇಳುವ ಸಿಸ್‌ಅಪ್‌ಟೈಮ್‌ಗೆ ಕೊನೆಯಲ್ಲಿ .0 ಬರುತ್ತದೆ, ಇಂಟರ್‌ಫೇಸ್‌ನ ಈಗಿನ ಸ್ಥಿತಿ ಹೇಳುವ ಇಫ್‌ಆಪರ್‌ಸ್ಟೇಟಸ್‌ಗೆ ಇಂಟರ್‌ಫೇಸ್‌ನ ಸಂಖ್ಯೆ ಬರುತ್ತದೆ.

ಫಲಿತಾಂಶದ ವಿವರಣೆಗೆ ಹೆಚ್ಚು ಜಾಗ ಕೊಡುವುದು ಯೋಗ್ಯ, ಏಕೆಂದರೆ ಓಐಡಿ ಸರಿಯಿದ್ದರೂ ಅದರ ಮೌಲ್ಯವನ್ನು ತಪ್ಪಾಗಿ ಅರ್ಥೈಸುವ ಸಾಧ್ಯತೆ ಉಳಿದೇ ಇರುತ್ತದೆ. ಇಫ್‌ಆಪರ್‌ಸ್ಟೇಟಸ್ 2 ಎಂದು ಬಂದರೆ ಇಂಟರ್‌ಫೇಸ್ ಡೌನ್ ಆಗಿದೆ. 7 ಎಂದು ಬಂದರೆ ಅದರ ಕೆಳಗಿನ ಪದರದ ಇಂಟರ್‌ಫೇಸ್‌ನಲ್ಲಿ ದೋಷವಿದೆ, ಹುಡುಕಬೇಕಾದ ಜಾಗವೇ ಬೇರೆ. ಆದ್ದರಿಂದ ಹೆಸರಿಟ್ಟ ಮೌಲ್ಯಗಳ ಪಟ್ಟಿ ಫಲಿತಾಂಶದಲ್ಲಿ ಪೂರ್ತಿಯಾಗಿ ಬರಬೇಕು. ಸಿಸ್‌ಅಪ್‌ಟೈಮ್‌ನ ಮಾನ ಸೆಕೆಂಡಿನ ನೂರನೇ ಒಂದು ಭಾಗ, ಅದರ ಗಾತ್ರ 32 ಬಿಟ್. ಸುಮಾರು 497 ದಿನಗಳಾದ ಮೇಲೆ ಅದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇದನ್ನು ತಿಳಿಯದ ಏಜೆಂಟ್, ಸುಸ್ಥಿತಿಯಲ್ಲಿರುವ ಸ್ವಿಚ್ ರೀಬೂಟ್ ಆಯಿತೆಂದು ವರದಿ ಮಾಡುತ್ತದೆ. ಹಾಗೆಯೇ ಒಳಬಂದ ಬೈಟ್‌ಗಳ 32 ಬಿಟ್ ಕೌಂಟರ್, ಸೆಕೆಂಡಿಗೆ 1 ಗಿಗಾಬಿಟ್ ವೇಗದ ಪೂರ್ಣ ಸಂಚಾರದಲ್ಲಿ ಸುಮಾರು 34 ಸೆಕೆಂಡಿನಲ್ಲೇ ಒಂದು ಸುತ್ತು ಮುಗಿಸುತ್ತದೆ. ಐದು ನಿಮಿಷಕ್ಕೊಮ್ಮೆ ಓದಿ ಕಳೆಯುವ ಲೆಕ್ಕಕ್ಕೆ ಆಗ ಬೆಲೆಯೇ ಇರುವುದಿಲ್ಲ. 2000ದ ಆರ್‌ಎಫ್‌ಸಿ 2863 ಎಂಬ ಅಂತರ್ಜಾಲ ಮಾನದಂಡದ ದಾಖಲೆ, ಸೆಕೆಂಡಿಗೆ 2 ಕೋಟಿ ಬಿಟ್‌ಗಿಂತ ಹೆಚ್ಚು ವೇಗದ ಇಂಟರ್‌ಫೇಸ್‌ಗಳಿಗೆ 64 ಬಿಟ್‌ನ ಬೈಟ್ ಕೌಂಟರ್ ಇರಲೇಬೇಕು ಎನ್ನುತ್ತದೆ. ಆದ್ದರಿಂದ 32 ಬಿಟ್ ಕೌಂಟರ್ ಹುಡುಕಿದವರಿಗೆ 1.3.6.1.2.1.31.1.1.1.6ರಲ್ಲಿರುವ 64 ಬಿಟ್ ಕೌಂಟರ್‌ನ ಸೂಚನೆಯನ್ನೂ ಟೂಲ್ ಜೊತೆಗೇ ಕೊಡುವುದು ಒಳ್ಳೆಯದು.

ಎಂಐಬಿಯಲ್ಲಿ ಬರುವ "ಓದು-ಬರೆ" ಎಂಬ ಗುರುತಿಗೂ ಒಂದು ವಾಕ್ಯ ಮೀಸಲಿಡಬೇಕು. ಇಂಟರ್‌ಫೇಸ್ ಯಾವ ಸ್ಥಿತಿಯಲ್ಲಿರಬೇಕು ಎಂದು ಹೇಳುವ ಇಫ್‌ಅಡ್ಮಿನ್‌ಸ್ಟೇಟಸ್‌ಗೆ ಆ ಗುರುತು ಇದೆ, ಅದಕ್ಕೆ 2 ಎಂದು ಬರೆದರೆ ಇಂಟರ್‌ಫೇಸ್ ಸ್ಥಗಿತಗೊಳ್ಳುತ್ತದೆ. ಆ ಗುರುತು ವ್ಯಾಖ್ಯಾನದ ಗುಣವೇ ಹೊರತು ಏಜೆಂಟ್‌ಗೆ ಕೊಟ್ಟ ಅನುಮತಿಯಲ್ಲ ಎಂದು ಬರೆಯಬೇಕು. ನಿಜವಾದ ತಡೆಯನ್ನಂತೂ ಉಪಕರಣದ ಎಸ್‌ಎನ್‌ಎಂಪಿ ಬಳಕೆದಾರರ ಹಕ್ಕುಗಳಲ್ಲೇ ಹಾಕಬೇಕು.

ಹುಡುಕಿದ್ದು ಸಿಗದಿದ್ದಾಗ ಖಾಲಿ ಪಟ್ಟಿ ಹಿಂದಿರುಗಿಸುವುದು ಅತ್ಯಂತ ಕೆಟ್ಟ ಉತ್ತರ ಎಂದು ನನ್ನ ಅಭಿಪ್ರಾಯ, ಏಕೆಂದರೆ ಆ ಖಾಲಿ ಜಾಗವನ್ನು ಮಾದರಿ ತನ್ನ ಊಹೆಯಿಂದಲೇ ತುಂಬುತ್ತದೆ. ಬರಹವೇ ತಪ್ಪಾಗಿರುವುದು, ಅಂಥ ಹೆಸರು ಇಲ್ಲದಿರುವುದು, ಬೇಕಾದ ಎಂಐಬಿ ಕಡತ ಸರ್ವರ್‌ಗೆ ಲೋಡ್ ಆಗದಿರುವುದು ಇವು ಮೂರು ಬೇರೆ ಬೇರೆ ಸ್ಥಿತಿಗಳು. ಉದಾಹರಣೆಗೆ 1.3.6.1.4.1.9ರಿಂದ ಆರಂಭವಾಗುವ ಓಐಡಿ ಸಿಗದಿದ್ದರೆ, "ಇದು ಸಿಸ್ಕೋ ಸಂಸ್ಥೆಯ ಶಾಖೆ, ಈ ಶಾಖೆಯವರೆಗೆ ಮಾತ್ರ ಗುರುತು ಸಿಕ್ಕಿದೆ, ಮುಂದಿನ ಅಂಕೆಗಳ ಎಂಐಬಿ ಇಲ್ಲಿಲ್ಲ, ಅರ್ಥ ಊಹಿಸದೆ ಬಳಕೆದಾರರಿಗೆ ತಿಳಿಸಿ" ಎಂಬ ಉತ್ತರ ಬರಬೇಕು.

ವಿವರಣೆಯ ಉದ್ದಕ್ಕೂ ಮಿತಿ ಬೇಕು, ಏಕೆಂದರೆ ಅದು ಸಾಮಾನ್ಯವಾಗಿ ಪ್ರತಿ ಸಂವಾದದಲ್ಲೂ ಮಾದರಿಯ ಕಾಂಟೆಕ್ಸ್ಟ್‌ನ, ಅಂದರೆ ಅದು ಒಮ್ಮೆಗೆ ಓದಬಲ್ಲ ಪಠ್ಯದ, ಒಂದು ಭಾಗವನ್ನು ಆಕ್ರಮಿಸುತ್ತದೆ. ಬರೆದು ಮುಗಿದ ಮೇಲೆ ಈ ಟೂಲ್ ಮತ್ತು ಮೌಲ್ಯ ಓದುವ ಟೂಲ್ ಎರಡನ್ನೂ ಏಜೆಂಟ್‌ಗೆ ಒಟ್ಟಿಗೆ ಕೊಟ್ಟು, "3ನೇ ಇಂಟರ್‌ಫೇಸ್ ಯಾಕೆ ಕೆಲಸ ಮಾಡುತ್ತಿಲ್ಲ?" ಎಂದು ಕೇಳಿ, ಅದು ಮಾಡುವ ಕರೆಗಳ ಕ್ರಮವನ್ನು ಗಮನಿಸಬೇಕು. ಮೊದಲು ಹುಡುಕಿ, ಆಮೇಲೆ .3 ಸೇರಿಸಿ ಓದಿದರೆ ವಿವರಣೆ ಸರಿಯಿದೆ. ಹುಡುಕದೆಯೇ ಓದಲು ಹೋದರೆ ಟೂಲ್‌ನ ಕೋಡ್ ಮುಟ್ಟುವ ಮುನ್ನ ವಿವರಣೆಯ ಮೊದಲ ವಾಕ್ಯವನ್ನು ತಿದ್ದಿ ಮತ್ತೆ ಪರೀಕ್ಷಿಸಬೇಕು.