ಹೊಸ ಬೇರು ಬರಲಿ, ಆಮೇಲೆ ಕುಂಡ ಬದಲಿಸೋಣ

ಚೆನ್ನಾಗಿದ್ದ ಆರ್ಕಿಡ್ ಗಿಡ ಕುಂಡ ಬದಲಿಸಿದ ಮೇಲೆ ಸೊರಗಿತು ಎಂಬ ಮಾತು ಬೆಳೆಸುವವರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಸ್ಫ್ಯಾಗ್ನಮ್ ಎಂಬ ಪಾಚಿಯಲ್ಲಿದ್ದುದನ್ನು ತೊಗಟೆ ಚೂರಿಗೆ ಹಾಕಿದರು, ಅಥವಾ ತೊಗಟೆಯಿಂದ ಸುಟ್ಟ ಜೇಡಿಮಣ್ಣಿನ ಉಂಡೆಗಳಿಗೆ ಸಾಗಿಸಿದರು. ಒಂದೆರಡು ತಿಂಗಳಲ್ಲಿ ಎಲೆ ಸುಕ್ಕಾಯಿತು, ಬೇರು ಟೊಳ್ಳಾಯಿತು. ಆಗ ಎಲ್ಲರೂ ಹೊಸ ಮಾಧ್ಯಮವನ್ನೇ, ಅಂದರೆ ಕುಂಡದಲ್ಲಿ ಬೇರಿನ ಸುತ್ತ ತುಂಬಿದ ವಸ್ತುವನ್ನೇ, ದೂರುತ್ತಾರೆ. ನನ್ನ ಅನಿಸಿಕೆಯಲ್ಲಿ ತಪ್ಪು ಹೆಚ್ಚಾಗಿ ಮಾಧ್ಯಮದ್ದಲ್ಲ, ಬದಲಿಸಿದ ಹೊತ್ತಿನದು. ಯಾಕೆ ಅಂತ ತಿಳಿಯಲು ಬೇರನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಜಗತ್ತಿನಲ್ಲಿ ಸುಮಾರು 28,000 ಬಗೆಯ ಆರ್ಕಿಡ್‌ಗಳಿವೆ. ಅವುಗಳಲ್ಲಿ ಹೆಚ್ಚಿನವು ಮರದ ಕೊಂಬೆಗಳ ಮೇಲೆ ಬೆಳೆಯುತ್ತವೆ. ಮರದ ರಸ ಹೀರುವುದಿಲ್ಲ, ಸುಮ್ನೆ ತೊಗಟೆಗೆ ಅಂಟಿಕೊಂಡು ನಿಲ್ಲುತ್ತವೆ. ಅಲ್ಲಿ ಮಣ್ಣಿಲ್ಲ. ಮಳೆ ಬಂದಾಗ ನೀರು ಬೇರಿನ ಮೇಲೆ ಹರಿದು ಹೋಗುತ್ತದೆ, ಆಮೇಲೆ ಗಾಳಿ ಎಲ್ಲವನ್ನೂ ಒಣಗಿಸುತ್ತದೆ. ಇಂಥ ಬಾಳಿಗೆ ಹೊಂದುವಂತೆ ಬೇರಿನ ಹೊರಗೆ ವೆಲಾಮೆನ್ ಎಂಬ ಹೊದಿಕೆ ಇದೆ. ಅದರ ಕೋಶಗಳು ಬೆಳೆದು ಮುಗಿಯುತ್ತಲೇ ಸತ್ತು ಬರಿದಾಗುತ್ತವೆ. ನೀರು ತಾಕಿದರೆ ಆ ಬರಿದಾದ ಜಾಗ ಸ್ಪಂಜಿನಂತೆ ತುಂಬಿಕೊಳ್ಳುತ್ತದೆ. ಆಮೇಲೆ ಆ ನೀರು ಒಳಗಿನ ಜೀವಂತ ಭಾಗಕ್ಕೆ ನಿಧಾನವಾಗಿ ಇಳಿಯುತ್ತದೆ. ಒಣಗಿದಾಗ ಬೇರು ಬೆಳ್ಳಿಬಣ್ಣಕ್ಕೆ ತಿರುಗುವುದು ಆ ಕೋಶಗಳಲ್ಲಿ ಗಾಳಿ ತುಂಬಿರುವುದರಿಂದ. ನೀರು ಹಾಕಿದೊಡನೆ ಹಸಿರಾಗುವುದು ಹೊದಿಕೆ ಪಾರದರ್ಶಕವಾಗಿ ಒಳಗಿನ ಪತ್ರಹರಿತ್ತು ಕಾಣುವುದರಿಂದ. ಹೌದು, ಈ ಬೇರುಗಳಲ್ಲೂ ಪತ್ರಹರಿತ್ತು ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇರು ಬೆಳೆಯುವುದು ತುದಿಯಲ್ಲಿ ಮಾತ್ರ. ತುದಿ ಮುಂದೆ ಸಾಗುತ್ತಾ ತನ್ನ ಸುತ್ತ ಇರುವ ತೇವ, ಗಾಳಿ, ಬೆಳಕಿಗೆ ತಕ್ಕಂತೆ ಬೇರನ್ನು ಕಟ್ಟುತ್ತಾ ಹೋಗುತ್ತದೆ. ಒಂದೇ ಗಿಡದಲ್ಲಿ ಗಾಳಿಗೆ ಚಾಚಿದ ಬೇರು, ಕುಂಡದೊಳಗೆ ಇಳಿದ ಬೇರು ನೋಡಲೂ ಬೇರೆ ಬೇರೆ ಅಲ್ವಾ? ಕಟ್ಟಿ ಮುಗಿದ ಭಾಗ ಮತ್ತೆ ಬದಲಾಗುವುದಿಲ್ಲ. ಹೊರಗಿನ ಕೋಶಗಳು ಸತ್ತೇ ಹೋಗಿರುವಾಗ ಅವು ಹೊಸದಾಗಿ ಹೊಂದಿಕೊಳ್ಳುವುದು ಹೇಗೆ? ಒಣ, ಗಾಳಿಯಾಡುವ ತೊಗಟೆಯಲ್ಲಿ ಬೆಳೆದ ಬೇರನ್ನು ಸದಾ ಒದ್ದೆಯಾಗಿರುವ ಜಾಗಕ್ಕೆ ತುರುಕಿದರೆ ಅದಕ್ಕೆ ಉಸಿರು ಸಿಗುವುದಿಲ್ಲ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಮಾಧ್ಯಮ ಪೂರ್ತಿ ಬೇರೆಯಾದಾಗ ಹಳೆಯ ಬೇರುಗಳಲ್ಲಿ ಹಲವು ಸಾಯುತ್ತವೆ ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಗಿಡ ಉಳಿಯುವುದು ಹೊಸ ಮಾಧ್ಯಮದಲ್ಲೇ ಹುಟ್ಟಿ ಬೆಳೆಯುವ ಬೇರುಗಳಿಂದ. ಅವು ಬರುವ ತನಕ ಹಳೆಯವು ಹೇಗೋ ಗಿಡವನ್ನು ನಡೆಸಿದರೆ ಸಾಕು.

ಆದ್ದರಿಂದ ಕುಂಡ ಬದಲಿಸಲು ಸರಿಯಾದ ಹೊತ್ತು ಹೊಸ ಬೇರು ಇಣುಕುವ ಹೊತ್ತು. ಕ್ಯಾಲೆಂಡರ್ ನೋಡಿ ತಿಂಗಳು ಗೊತ್ತು ಮಾಡುವುದಕ್ಕಿಂತ ಗಿಡದ ಬುಡ ನೋಡುವುದು ಮೇಲು. ಫಲೆನಾಪ್ಸಿಸ್ ಎಂಬ ಬಗೆಯ ಆರ್ಕಿಡ್‌ನಲ್ಲಿ ಇದು ಸಾಮಾನ್ಯವಾಗಿ ಹೂವು ಮುಗಿದ ಮೇಲೆ, ಬೆಚ್ಚಗಿನ ದಿನಗಳಲ್ಲಿ ಬರುತ್ತದೆ. ಕಾಂಡದ ಬದಿಯಲ್ಲಿ ಹಸಿರು ಅಥವಾ ಕೆಂಪು ತುದಿಗಳು ಮೂಡುತ್ತವೆ. ಇನ್ನೊಂದು ಬಗೆಯಾದ ಕ್ಯಾಟ್ಲಿಯಾ ಸ್ವಲ್ಪ ಕಷ್ಟದ ಗಿಡ. ಅದರಲ್ಲಿ ಹೊಸ ಚಿಗುರಿನ ಬುಡದಿಂದ ಬೇರು ಹೊರಡುವುದು ಕೆಲವೇ ವಾರಗಳ ಅವಧಿಯಲ್ಲಿ. ಬೇರು ಮೊಳಕೆಯ ಹಾಗೆ ಸಣ್ಣದಾಗಿರುವಾಗಲೇ ಕೆಲಸ ಮುಗಿಸಬೇಕು. 4-5 ಸೆಂಟಿಮೀಟರ್ ಉದ್ದವಾದ ಮೇಲೆ ಕೈ ಹಾಕಿದರೆ ತುದಿ ಪಟ್ ಅಂತ ಮುರಿಯುತ್ತದೆ. ಪಾಫಿಯೋಪೆಡಿಲಮ್ ಎಂಬ ಬಗೆಗೆ ಅಷ್ಟು ಕಟ್ಟುನಿಟ್ಟಿಲ್ಲ, ವರ್ಷಕ್ಕೊಮ್ಮೆ ಹೊಸ ಮಾಧ್ಯಮ ಕೊಟ್ಟರೆ ಅದಕ್ಕೆ ಹಿತ. ಬುಟ್ಟಿಯಲ್ಲಿ ಬೆಳೆಸುವ ವಾಂಡಾ ಎಂಬ ಆರ್ಕಿಡ್ ಅನ್ನು ಮಾತ್ರ ಬುಟ್ಟಿಯಿಂದ ಕೀಳಲು ಹೋಗಬೇಡಿ. ಹಳೆಯ ಬುಟ್ಟಿಯನ್ನೇ ದೊಡ್ಡ ಬುಟ್ಟಿಯೊಳಗೆ ಇಟ್ಟುಬಿಡಿ.

ಬದಲಿಸುವ ಅಗತ್ಯ ಯಾಕೆ ಬರುತ್ತದೆ? ತೊಗಟೆ ಚೂರು ಎರಡು ಮೂರು ವರ್ಷಗಳಲ್ಲಿ ಕೊಳೆಯುತ್ತದೆ. ಪಾಚಿ ಅದಕ್ಕಿಂತ ಬೇಗ ಕುಸಿಯುತ್ತದೆ. ಚೂರುಗಳು ಪುಡಿಯಾದಂತೆ ಅವುಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಒಂದು ಚೂರನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಪುಡಿಯಾದರೆ, ಹುಳಿ ವಾಸನೆ ಬಂದರೆ ಅದರ ಕಾಲ ಮುಗಿದಿದೆ. ಬೇರು ಕುಂಡದಿಂದ ಹೊರಗೆ ಬಂದಿದೆ ಅನ್ನುವುದೊಂದೇ ಕಾರಣವಾಗಬಾರದು. ಆರ್ಕಿಡ್ ಬೇರಿಗೆ ಹೊರಗೆ ತಿರುಗಾಡುವುದು ಸಹಜ.

ಯಾವ ಮಾಧ್ಯಮ ಒಳ್ಳೆಯದು ಅನ್ನುವ ಪ್ರಶ್ನೆಗೆ ನನ್ನ ಉತ್ತರ, ನೀವು ನೀರು ಹಾಕುವ ರೂಢಿಗೆ ಒಗ್ಗುವುದು ಒಳ್ಳೆಯದು. ಒಣ ಸ್ಫ್ಯಾಗ್ನಮ್ ಪಾಚಿ ತನ್ನ ತೂಕದ ಸುಮಾರು 20 ಪಟ್ಟು ನೀರು ಹಿಡಿಯಬಲ್ಲದು. ಮರೆತು ಮರೆತು ನೀರು ಹಾಕುವವರಿಗೆ ಅದು ಅನುಕೂಲ. ದಿನಾ ನೀರು ಹಾಕದೆ ಇರಲಾರದವರು ದಪ್ಪ ತೊಗಟೆಗೆ ಹೋಗುವುದೇ ವಾಸಿ. ತೆಂಗಿನ ಸಿಪ್ಪೆಯ ತುಂಡು ಇವೆರಡರ ನಡುವೆ ನಿಲ್ಲುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಇರುವುದರಿಂದ ಹಲವು ಸಲ ನೀರು ಬದಲಿಸಿ ನೆನೆಸಬೇಕು. ಜೇಡಿಮಣ್ಣಿನ ಉಂಡೆ ಕೊಳೆಯುವುದೇ ಇಲ್ಲ. ತಳದಲ್ಲಿ ನಿಂತ ನೀರನ್ನು ಅದು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಬೇರಿಗೆ ಅತಿ ದೊಡ್ಡ ಬದಲಾವಣೆ ಇದೇ. ಹೊಸ ಬೇರಿಲ್ಲದೆ ಇದಕ್ಕೆ ಕೈ ಹಾಕಲೇಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಕುಂಡದ ಅಳತೆಯ ಬಗ್ಗೆ ಒಂದು ಭೌತಶಾಸ್ತ್ರದ ಮಾತು. ನೀರು ಪೂರ್ತಿ ಸೋರಿತು ಅಂತ ನಮಗೆ ಕಂಡರೂ ಕುಂಡದ ತಳದಲ್ಲಿ ಒಂದು ಒದ್ದೆ ಪದರ ಉಳಿದೇ ಇರುತ್ತದೆ. ಅದರ ಎತ್ತರ ಕುಂಡ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿಲ್ಲ, ಚೂರು ಎಷ್ಟು ಸಣ್ಣದು ಎನ್ನುವುದರ ಮೇಲೆ ನಿಂತಿದೆ. ಚೂರು ಸಣ್ಣದಾದಷ್ಟೂ ನಡುವಿನ ಸಂದು ಕಿರಿದು, ನೀರನ್ನು ಹಿಡಿದಿಡುವ ಬಲ ಜಾಸ್ತಿ. ಅಗಲವಾದ ಕುಂಡದಲ್ಲಿ ಆ ಪದರದ ನೀರಿನ ಮೊತ್ತವೂ ಜಾಸ್ತಿ, ಅದನ್ನು ಹೀರಲು ಬೇರು ಸಾಲದು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂಬ ನಂಬಿಕೆ ಇದೆ. ಪಾಚಿ ಅಥವಾ ಸಣ್ಣ ಚೂರಿನ ಕೆಳಗೆ ಜಲ್ಲಿ ಇದ್ದರೆ ಒದ್ದೆ ಪದರ ಜಲ್ಲಿಯ ಮೇಲೆ ನಿಲ್ಲುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಬೇರು ಹಿಡಿಸುವಷ್ಟು, ಮುಂದಿನ ಒಂದೆರಡು ವರ್ಷದ ಬೆಳವಣಿಗೆಗೆ ಸಾಲುವಷ್ಟು ಕುಂಡ ಸಾಕು.

ಕೆಲಸಕ್ಕೆ ಇಳಿಯುವ ಮುನ್ನ ಗಿಡಕ್ಕೆ ಚೆನ್ನಾಗಿ ನೀರು ಹಾಕಿ. ನೆಂದ ಬೇರು ಬಾಗುತ್ತದೆ, ಒಣ ಬೇರು ಮುರಿಯುತ್ತದೆ. ಹೊಸ ತೊಗಟೆ ಮೊದಮೊದಲು ನೀರನ್ನು ದೂರ ತಳ್ಳುತ್ತದೆ, ಅದನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಕತ್ತರಿಯ ಅಲಗನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ, ಗಿಡದಿಂದ ಗಿಡಕ್ಕೆ ಹೋಗುವಾಗಲೂ ಹಾಗೇ ಮಾಡಿ. ಸಿಂಬಿಡಿಯಮ್ ಮೊಸಾಯಿಕ್ ವೈರಸ್ ಮತ್ತು ಓಡೋಂಟೋಗ್ಲಾಸಮ್ ರಿಂಗ್‌ಸ್ಪಾಟ್ ವೈರಸ್ ಹರಡುವುದು ಹೆಚ್ಚಾಗಿ ಇಂಥ ಅಲಗುಗಳಿಂದಲೇ. ಅವು ಹಿಡಿದ ಗಿಡಕ್ಕೆ ಮದ್ದಿಲ್ಲ.

ಬೇರು ಕತ್ತರಿಸುವಾಗ ಬಣ್ಣವನ್ನು ನಂಬಬೇಡಿ. ತೊಗಟೆಯ ಕಲೆ ಹತ್ತಿ ಕಂದಾದ ಬೇರು ಒಳಗೆ ಗಟ್ಟಿಯಾಗಿ ಇರಬಹುದು. ಮೆಲ್ಲನೆ ಒತ್ತಿ. ಗಟ್ಟಿ ಇದ್ದರೆ ಬಿಡಿ. ಮೆತ್ತಗಾಗಿ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿದರೆ ಅದನ್ನು ತೆಗೆಯಿರಿ.

ಮಾಧ್ಯಮ ಬದಲಿಸುವವರು ಎಚ್ಚರ ತಪ್ಪುವ ಜಾಗ ಇನ್ನೊಂದಿದೆ. ಮಾರಾಟಕ್ಕೆ ಬರುವ ಎಷ್ಟೋ ಗಿಡಗಳ ನಟ್ಟನಡುವೆ ಎಳೆಯ ಸಸಿಯಾಗಿದ್ದಾಗ ಸುತ್ತಿದ ಪಾಚಿಯ ಗಂಟು ಹಾಗೇ ಉಳಿದಿರುತ್ತದೆ. ಬೇರಿಗೆ ನೋವಾದೀತೆಂದು ಅದನ್ನು ಬಿಟ್ಟು ಸುತ್ತ ತೊಗಟೆ ತುಂಬುತ್ತಾರೆ. ಆಗ ಹೊರಗಿನ ತೊಗಟೆ ಒಣಗಿದರೂ ನಡುವಿನ ಗಂಟು ಒದ್ದೆಯಾಗೇ ಇರುತ್ತದೆ. ಮೇಲೆ ಒಣಗಿದೆ ಎಂದು ನೀವು ಮತ್ತೆ ನೀರು ಹಾಕುತ್ತೀರಿ, ಗಿಡದ ಬುಡ ಒಳಗೇ ಕೊಳೆಯುತ್ತದೆ. ಆ ಗಂಟನ್ನು ನೀರಲ್ಲಿ ನೆನೆಸಿ, ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಬೇಕು. ತಾಳ್ಮೆ ಬೇಕು ನಿಜ, ಆದರೆ ಒಂದು ಕುಂಡದಲ್ಲಿ ಎರಡು ಬಗೆಯ ಒದ್ದೆತನ ಇರಬಾರದು.

ಗಿಡ ಕೂರಿಸುವಾಗ ಬುಡ ಹೂತುಹೋಗದಿರಲಿ. ಕ್ಯಾಟ್ಲಿಯಾದಂಥ ಪಕ್ಕಕ್ಕೆ ಸಾಗುವ ಗಿಡವಾದರೆ ಹಳೆಯ ತುದಿ ಕುಂಡದ ಅಂಚಿಗೆ, ಹೊಸ ಚಿಗುರು ಖಾಲಿ ಜಾಗದ ಕಡೆಗೆ ಇರಲಿ. ಅಲುಗಾಡದಂತೆ ಕಡ್ಡಿ ಕೊಟ್ಟು ಕಟ್ಟಿ. ಗಿಡ ಅಲ್ಲಾಡುತ್ತಿದ್ದರೆ ಹೊಸ ಬೇರಿನ ಮೃದು ತುದಿ ಚೂರಿಗೆ ಉಜ್ಜಿ ಹಾಳಾಗುತ್ತದೆ. ಬೇರು ಜಾಸ್ತಿ ಕತ್ತರಿಸಿದ್ದರೆ ಗಾಯ ಒಣಗಲು ಕೆಲವು ದಿನ ನೀರು ಬೇಡ. ನೆರಳು, ಬೆಚ್ಚನೆ, ತೇವದ ಗಾಳಿ ಇದ್ದರೆ ಎಲೆ ಬಾಡದೆ ಉಳಿಯುತ್ತದೆ. ಗೊಬ್ಬರವನ್ನು ಹೊಸ ಬೇರು ಓಡಲು ಶುರು ಮಾಡಿದ ಮೇಲೆ ತೆಳುವಾಗಿ ಕೊಡಿ. ಹಳೆಯ ಮಾಧ್ಯಮಕ್ಕೆ ಹಾಕುತ್ತಿದ್ದ ನೀರಿನ ಲೆಕ್ಕವನ್ನು ಮರೆತುಬಿಡಿ. ಪಾರದರ್ಶಕ ಕುಂಡವಾದರೆ ಬೇರು ಬೆಳ್ಳಗಾಗಿದೆಯೇ, ಹಸಿರಿದೆಯೇ ಎಂದು ಹೊರಗಿನಿಂದಲೇ ನೋಡಿ ನೀರು ಹಾಕಬಹುದು.

ಇಷ್ಟೆಲ್ಲ ಕಾಯುವ ಮಾತು ಆರೋಗ್ಯವಾಗಿರುವ ಗಿಡಕ್ಕೆ. ಬೇರು ಕೊಳೆಯುತ್ತಿದ್ದರೆ, ಹೂವಿದ್ದರೂ ಚಳಿಯಿದ್ದರೂ ಇವತ್ತೇ ಬಿಚ್ಚಿ. ಕೊಳೆತದ್ದನ್ನೆಲ್ಲ ತೆಗೆದು, ಹೂವಿನ ಕಡ್ಡಿಯನ್ನೂ ಕತ್ತರಿಸಿ, ಸಣ್ಣ ಕುಂಡದಲ್ಲಿ ಸಡಿಲವಾಗಿ ತುಂಬಿದ ಹೊಸ ಪಾಚಿಯಲ್ಲಿ ಕೂರಿಸಿ. ಗಿಡದ ಮೇಲೆ ಪಾರದರ್ಶಕ ಚೀಲವೊಂದನ್ನು ಸಡಿಲವಾಗಿ ಮುಚ್ಚಿ ಬೆಚ್ಚಗಿನ ನೆರಳಲ್ಲಿಡಿ, ಬಿಸಿಲು ತಾಗಬಾರದು. ಹೊಸ ಬೇರು ಬರಲು ತಿಂಗಳುಗಳೇ ಬೇಕಾಗಬಹುದು. ಬಂದ ಬೇರು ಪಾಚಿಯಲ್ಲಿ ಹುಟ್ಟಿದ್ದು, ಪಾಚಿಗೇ ಹೊಂದಿದ್ದು. ಹಾಗಾಗಿ ತಕ್ಷಣ ತೊಗಟೆಗೆ ಎತ್ತಿಹಾಕಬೇಡಿ. ಗಿಡ ಒಂದು ಹೊಸ ಎಲೆ ಬಿಟ್ಟು, ಮುಂದಿನ ಸುತ್ತಿನ ಬೇರು ಹೊರಡುವವರೆಗೆ ಅದು ಅಲ್ಲೇ ಇರಲಿ.