ಸಿನೋಡಾಲಿಟಿ: ಕೇಳಿಸಿಕೊಳ್ಳುವುದೂ ನಾಯಕರ ಕೆಲಸವೇ

ಚಿಕ್ಕಮಗಳೂರು, ಹಾಸನದ ಕಥೋಲಿಕ ಚರ್ಚುಗಳಿಗೆ ಸಿನೋಡಾಲಿಟಿ ಎಂಬ ಪದ ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಜಗತ್ತಿನ ಎಲ್ಲ ಧರ್ಮಕ್ಷೇತ್ರಗಳೂ (ಒಬ್ಬೊಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶಗಳು) ಜನರ ಮಾತು ಕೇಳಬೇಕು ಎಂದು ಪೋಪ್ ಫ್ರಾನ್ಸಿಸ್ ಆಗ ಕರೆ ಕೊಟ್ಟಿದ್ದರು. ಅದರ ಮುಂದುವರಿಕೆಯಾಗಿ 2023 ಮತ್ತು 2024ರ ಅಕ್ಟೋಬರ್ ತಿಂಗಳಲ್ಲಿ ರೋಮ್‌ನಲ್ಲಿ ಎರಡು ದೊಡ್ಡ ಸಭೆಗಳು ನಡೆದವು. ಹಾಗಾಗಿ ಸಿನೋಡಾಲಿಟಿ ಅಂದ ಕೂಡಲೇ ಹಲವರಿಗೆ ನೆನಪಾಗುವುದು ಆ ಸಭೆಗಳೇ. ಆದರೆ ಪದ ಹೇಳುವುದು ನಮ್ಮ ಊರಿನ ಚರ್ಚಿನ ದಿನನಿತ್ಯದ ವಿಷಯ.

ಸಿನೋಡ್ ಅಂದರೆ ಒಟ್ಟಿಗೆ ಕೂತು ತೀರ್ಮಾನಕ್ಕೆ ಬರುವ ಸಭೆ. ಕ್ರೈಸ್ತರಲ್ಲಿ ಇದು ಬಹಳ ಹಳೆಯ ಪದ್ಧತಿ. ಆ ಪದ್ಧತಿಯನ್ನು ಸಭೆಯ ದಿನಕ್ಕಷ್ಟೇ ಬಿಡದೆ ಎಲ್ಲ ಕೆಲಸದಲ್ಲೂ ಉಳಿಸಿಕೊಳ್ಳುವುದೇ ಸಿನೋಡಾಲಿಟಿ. ಧರ್ಮಾಧ್ಯಕ್ಷರು (ಬಿಷಪ್ಪರು), ಗುರುಗಳು, ಸಿಸ್ಟರ್‌ಗಳು, ಶ್ರೀಸಾಮಾನ್ಯರು ಒಬ್ಬರ ಮಾತನ್ನು ಒಬ್ಬರು ಕೇಳಿ, ಪ್ರಾರ್ಥಿಸಿ, ಆಮೇಲೆ ತೀರ್ಮಾನ ಮಾಡುವುದು. 2015ರ ಅಕ್ಟೋಬರ್ 17ರಂದು ಮಾಡಿದ ಭಾಷಣದಲ್ಲಿ ಫ್ರಾನ್ಸಿಸ್ ಇದನ್ನು ಆಲಿಸುವ ಧರ್ಮಸಭೆ ಎಂದು ಕರೆದರು. ಆಲಿಸುವುದು ಬರೀ ಕಿವಿಗೆ ಬೀಳುವುದಕ್ಕಿಂತ ದೊಡ್ಡದು ಅಂತಲೂ ಹೇಳಿದರು.

ಸಿಎಸ್‌ಐ ಸಭೆಯವರಿಗೆ ಸಿನೋಡ್ ಹೊಸದೇನಲ್ಲ. 1947ರಲ್ಲಿ ಶುರುವಾದ ದಕ್ಷಿಣ ಭಾರತ ಸಭೆಯ ಅತಿ ದೊಡ್ಡ ಆಡಳಿತ ಮಂಡಳಿಯ ಹೆಸರೇ ಅದು. ಅಲ್ಲಿ ಬಿಷಪ್ಪರು, ಸಭಾಪಾಲಕರ ಜೊತೆ ಸಾಮಾನ್ಯ ಸಭಿಕರ ಪ್ರತಿನಿಧಿಗಳೂ ಕೂತು ಮತ ಹಾಕುತ್ತಾರೆ. ಒಳ್ಳೆಯ ಏರ್ಪಾಡು. ಆದರೂ ಮತ ಎಣಿಸಿದ ಮಾತ್ರಕ್ಕೆ ಕೇಳಿಸಿಕೊಂಡಂತೆ ಆಗುವುದಿಲ್ಲ, ಅಲ್ವಾ? ಗೆದ್ದವರು ಸೋತವರ ನೋವೇನು ಅಂತ ತಿಳಿಯದೆಯೇ ಎದ್ದು ಹೋಗಬಹುದು.

ಆದಿ ಧರ್ಮಸಭೆ ಇದನ್ನು ಹೇಗೆ ಮಾಡಿತು ಅಂತ ನೋಡಲು ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ತೆರೆಯಬೇಕು. ಯೆಹೂದ್ಯರಲ್ಲದವರು ಕ್ರೈಸ್ತರಾಗಬೇಕಾದರೆ ಸುನ್ನತಿ ಮಾಡಿಸಿಕೊಳ್ಳಲೇಬೇಕಾ? ಈ ಪ್ರಶ್ನೆಗೆ ಧರ್ಮಸಭೆಯೇ ಒಡೆದು ಹೋಗುವ ಸ್ಥಿತಿ ಬಂದಿತ್ತು. ಜೆರುಸಲೇಮಿನಲ್ಲಿ ಎಲ್ಲರೂ ಸೇರಿದರು. ಮೊದಲು ಬಿಸಿಬಿಸಿ ಚರ್ಚೆ ಆಯಿತು. ಪೇತ್ರ ಎದ್ದು ತನ್ನ ಅನುಭವ ಹೇಳಿದ. ಆಮೇಲೆ ಇಡೀ ಸಭೆ ಸುಮ್ಮನಾಯಿತು ಎಂದು 12ನೇ ವಚನ ಹೇಳುತ್ತದೆ. ಪೌಲ ಮತ್ತು ಬಾರ್ನಬ ಅನ್ಯಜನರ ನಡುವೆ ಕಂಡದ್ದನ್ನು ವಿವರಿಸುವಾಗ ಎಲ್ಲರೂ ಕೇಳುತ್ತಾ ಕೂತರು. ಜೆರುಸಲೇಮಿನ ಧರ್ಮಸಭೆಯಲ್ಲಿ ದೊಡ್ಡ ಸ್ಥಾನದಲ್ಲಿದ್ದ ಯಕೋಬ ಬಾಯಿ ಬಿಟ್ಟದ್ದು ಇವರೆಲ್ಲರ ಮಾತು ಮುಗಿದ ಮೇಲೆ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಬಹಳ ಮುಖ್ಯವಾದದ್ದು ಈ ಸರದಿ. ದೊಡ್ಡವರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಹೌದು ಅನ್ನುವುದು ಬಿಟ್ಟು ಬೇರೆ ಏನು ಹೇಳಿಯಾರು?

6ನೇ ಅಧ್ಯಾಯದಲ್ಲಿ ಇನ್ನೊಂದು ಘಟನೆ ಇದೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಗೊಣಗಾಟ ಅಂತ ಪ್ರೇಷಿತರು ಅದನ್ನು ತಳ್ಳಿಹಾಕಲಿಲ್ಲ. ಸಭೆ ಕರೆದು, ನೀವೇ ಏಳು ಜನರನ್ನು ಆರಿಸಿ ಅಂದರು. ಸ್ತೆಫನ, ಫಿಲಿಪ್ಪ ಸೇರಿದಂತೆ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಯಾವ ಕಡೆಯಿಂದ ಬಂತೋ ಆ ಕಡೆಯವರ ಕೈಗೇ ಜವಾಬ್ದಾರಿ ಹೋದಂತೆ ಕಾಣುತ್ತದೆ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗಾಗಿ ಬರೆದ ನಿಯಮಾವಳಿಯಲ್ಲೂ ಇದೇ ಎಚ್ಚರ ಇದೆ. ಮುಖ್ಯವಾದ ವಿಷಯ ಬಂದರೆ ಮಠಾಧಿಪತಿ ಎಲ್ಲರನ್ನೂ ಕರೆಯಬೇಕು ಎನ್ನುತ್ತದೆ 3ನೇ ಅಧ್ಯಾಯ. ಕಾರಣವನ್ನೂ ಕೊಡುತ್ತದೆ: ಎಷ್ಟೋ ಸಲ ದೇವರು ಒಳ್ಳೆಯದನ್ನು ತೋರಿಸುವುದು ಕಿರಿಯರಿಗೆ. ಕೊನೆಯ ತೀರ್ಮಾನ ಮಠಾಧಿಪತಿಯದೇ. ಆದರೆ ಕೇಳದೆ ತೀರ್ಮಾನಿಸುವ ಹಾಗಿಲ್ಲ.

ರೋಮ್‌ನ ಸಭೆಗಳು ಇದಕ್ಕೊಂದು ಕ್ರಮ ಇಟ್ಟುಕೊಂಡವು. ದುಂಡು ಮೇಜುಗಳ ಸುತ್ತ ಸಣ್ಣ ಗುಂಪುಗಳು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಪ್ರಾರ್ಥನೆಯಲ್ಲಿ ತಮಗೆ ಹೊಳೆದದ್ದನ್ನು ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆಮೇಲೆ ಮೌನ. ಎರಡನೇ ಸುತ್ತಿನಲ್ಲಿ ಬೇರೆಯವರ ಯಾವ ಮಾತು ಮನಸ್ಸಿಗೆ ತಾಕಿತು ಅಂತ ಹೇಳಬೇಕು. ಮತ್ತೆ ಮೌನ. ಮೂರನೇ ಸುತ್ತಿನಲ್ಲಿ ಎಲ್ಲಿ ಒಪ್ಪಿಗೆ ಇದೆ, ಎಲ್ಲಿ ಇಲ್ಲ ಎಂಬುದನ್ನು ಒಟ್ಟಿಗೆ ಗುರುತು ಮಾಡುತ್ತಾರೆ. ಕಾರ್ಡಿನಲ್ ಪಕ್ಕದಲ್ಲೇ ಸಿಸ್ಟರ್, ಅವರ ಪಕ್ಕದಲ್ಲಿ ಯುವಕ. ಇಂಥ ಸಭೆಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿದ್ದು 2023ರಲ್ಲೇ ಮೊದಲು. ಇದು ಇಷ್ಟು ತಡವಾಗಬಾರದಿತ್ತು.

ಈಗ ನಮ್ಮ ಮಲೆನಾಡಿಗೆ ಬರೋಣ. ಚಿಕ್ಕಮಗಳೂರು ಧರ್ಮಕ್ಷೇತ್ರ ಆದದ್ದು 1963ರಲ್ಲಿ. ಈಗ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳು ಅದರೊಳಗಿವೆ. ಇಲ್ಲಿನ ಭಕ್ತರು ಒಂದೇ ಥರದವರಲ್ಲ. ಕನ್ನಡ, ಕೊಂಕಣಿ, ತುಳು, ತಮಿಳು, ಮಲಯಾಳಂ ಆಡುವವರೆಲ್ಲ ಇದ್ದಾರೆ. ತೋಟದ ಮಾಲೀಕರೂ ಇದ್ದಾರೆ, ಅದೇ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರೂ ಇದ್ದಾರೆ. ಭಾನುವಾರ ಇಬ್ಬರೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ. ಆದರೆ ಚರ್ಚಿನ ಕೆಲಸಗಳಿಗೆ ಸಲಹೆ ಕೊಡುವ ಪಾಲನಾ ಸಮಿತಿಯ ಸಭೆಯಲ್ಲಿ ಯಜಮಾನರ ಎದುರು ಕೂಲಿಯವರು ಬಾಯಿ ಬಿಡುವುದು ಸುಲಭವಲ್ಲ. ಅಲ್ಲಿ ಅವರ ಮೌನವನ್ನು ಒಪ್ಪಿಗೆ ಅಂತ ಬರೆದುಕೊಂಡರೆ ತಪ್ಪಾಗುತ್ತದೆ.

ಸಮಯದ ವಿಷಯವನ್ನೇ ತೆಗೆದುಕೊಳ್ಳಿ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆ ಕಾಟ ಜಾಸ್ತಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಲು ಜನ ಹೆದರುತ್ತಾರೆ. ಅಂಥ ಕಡೆ ವಾರ್ಡಿನ ಪ್ರಾರ್ಥನಾ ಕೂಟವನ್ನು ಸಂಜೆ ಏಳಕ್ಕೆ ಇಟ್ಟರೆ ಯಾರು ಬರುತ್ತಾರೆ? ಬೈಕ್, ಕಾರು ಇದ್ದವರು. ನಡೆದು ಬರುವವರು ಮನೆಯಲ್ಲೇ ಉಳಿಯುತ್ತಾರೆ. ಆಮೇಲೆ ಅವರಿಗೆ ಭಕ್ತಿ ಕಮ್ಮಿ ಅಂತ ಮಾತು ಬೇರೆ! ಕಾಫಿ ಕೊಯ್ಲಿನ ತಿಂಗಳುಗಳಲ್ಲೂ ಹೀಗೆಯೇ. ದಿನವಿಡೀ ಹಣ್ಣು ಕಿತ್ತು ಬಂದವರಿಗೆ ಅಡುಗೆಯೂ ಆಗಬೇಕು. ಒಂದು ಮಾತು ಮೊದಲೇ ಕೇಳಿದ್ದರೆ ಸಮಯ ಬದಲಾಗುತ್ತಿತ್ತು. ಕೆಲಸಕ್ಕಾಗಿ ಅಸ್ಸಾಂ ಕಡೆಯಿಂದ ತೋಟಗಳಿಗೆ ಬಂದವರಲ್ಲಿ ಕ್ರೈಸ್ತರಿದ್ದರೆ ಅವರ ಮಾತು ಕೇಳಲು ಭಾಷೆಯೇ ಅಡ್ಡ. ಅಲ್ಲಿಗೆ ನಾವೇ ಹೋಗಬೇಕು, ಹಿಂದಿ ಬರುವವರನ್ನು ಜೊತೆಗೆ ಕರೆದುಕೊಂಡು.

ಕಾನೂನಿನ ಮಾತೂ ಒಂದಿದೆ. 1983ರ ಕಥೋಲಿಕ ಧರ್ಮಸಭೆಯ ಕಾನೂನಿನ 536ನೇ ವಿಧಿ ಪ್ರಕಾರ ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ, ಪಾಲನಾ ಸಮಿತಿ ಸಲಹೆ ಮಾತ್ರ ಕೊಡಬಹುದು. ಸಮಿತಿ ಇರಬೇಕೋ ಬೇಡವೋ ಎಂಬುದು ಧರ್ಮಾಧ್ಯಕ್ಷರಿಗೆ ಬಿಟ್ಟದ್ದು. ಅದು ಎಲ್ಲ ಕಡೆ ಕಡ್ಡಾಯ ಆಗಬೇಕು ಎಂದು 2024ರ ಸಭೆಯ ಅಂತಿಮ ದಾಖಲೆ ಒತ್ತಾಯಿಸಿತು. ಸಲಹೆಯನ್ನು ಕೇಳಿ ಮೂಲೆಗೆ ಎಸೆಯುವಂತಿಲ್ಲ, ಅದರಿಂದ ಏನಾಯಿತು ಎಂದು ಲೆಕ್ಕ ಒಪ್ಪಿಸಬೇಕು ಎಂಬುದು ಅದರ ಆಶಯ. ನನಗೆ ಇದೇ ಸರಿ ಕಾಣುತ್ತದೆ. ಜನರು ಹೇಳಿದ್ದೆಲ್ಲ ಆಗಲೇಬೇಕು ಅಂತಿಲ್ಲ. ವಿಶ್ವಾಸದ ಸತ್ಯಗಳು ಕೈ ಎತ್ತಿಸಿ ಬದಲಾಯಿಸುವಂಥವಲ್ಲ. ಆದರೆ "ನೀವು ಹೇಳಿದ್ದು ಇದು, ನಾವು ತೀರ್ಮಾನಿಸಿದ್ದು ಇದು, ಕಾರಣ ಇದು" ಅಂತ ತಿರುಗಿ ಬಂದು ಹೇಳಬೇಕು. ಹಾಗೆ ಹೇಳದಿದ್ದರೆ ಮುಂದಿನ ಸಲ ಜನ ಮಾತಾಡುವುದನ್ನೇ ಬಿಡುತ್ತಾರೆ.

ಫ್ರಾನ್ಸಿಸ್ ಇದನ್ನು ಮಾಡಿಯೂ ತೋರಿಸಿದರು. ಇಂಥ ಸಭೆ ಮುಗಿದ ಮೇಲೆ ಪೋಪರು ತಮ್ಮದೇ ಪ್ರಬೋಧಪತ್ರ ಬರೆಯುವುದು ರೂಢಿ. 2024ರ ಅಕ್ಟೋಬರ್ 26ರಂದು ಅವರು, ನಾನು ಬೇರೆ ಬರೆಯುವುದಿಲ್ಲ, ಸಭೆ ಒಪ್ಪಿದ ದಾಖಲೆಯೇ ಸಾಕು ಎಂದು ಅದನ್ನೇ ಪ್ರಕಟಿಸಲು ಹೇಳಿದರು. 2025ರ ಏಪ್ರಿಲ್ 21ರಂದು ಅವರು ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಮೊದಲು ಮುಂದಿನ ಹೆಜ್ಜೆಗಳಿಗೂ ಒಪ್ಪಿಗೆ ಕೊಟ್ಟಿದ್ದರು. ಅದರ ಪ್ರಕಾರ 2027ರ ಮೊದಲ ಅರ್ಧದಲ್ಲಿ ಪ್ರತಿ ಧರ್ಮಕ್ಷೇತ್ರವೂ ತಾನು ಎಷ್ಟು ಕೇಳಿಸಿಕೊಂಡಿದೆ, ಏನು ಬದಲಾಗಿದೆ ಎಂದು ಸಭೆ ಸೇರಿ ನೋಡಬೇಕು. 2028ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಮತ್ತೆ ದೊಡ್ಡ ಸಭೆ. ನಮ್ಮ ಧರ್ಮಕೇಂದ್ರಗಳು ಆ ಹೊತ್ತಿಗೆ ಏನಾದರೂ ಹೇಳಬೇಕಾದರೆ ಲೈನ್ ಮನೆಗಳಿಗೆ ಹೋಗುವ ಕೆಲಸ ಈಗಲೇ ಶುರುವಾಗಬೇಕು, ಅದೂ ಹಗಲು ಹೊತ್ತಿನಲ್ಲಿ.