ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಾಳು: ಬೇವಿನೆಣ್ಣೆ ಬೇಡ

ಪ್ರಶ್ನೆ: ತಾರಸಿಯಲ್ಲಿ ಹಾಕಿದ್ದ ಟೊಮೆಟೊ ಗಿಡ ನಿನ್ನೆವರೆಗೂ ಚೆನ್ನಾಗಿತ್ತು. ಇವತ್ತು ಪೂರ್ತಿ ಬಾಡಿದೆ. ಬುಡದಲ್ಲಿ ಬಿಳಿ ಹತ್ತಿಯಂಥದ್ದು, ಜೊತೆಗೆ ಸಾಸಿವೆಯಂಥ ಕಾಳು ಇವೆ. ಯಾವ ಹುಳದ ಮೊಟ್ಟೆ ಇದು? ಬೇವಿನೆಣ್ಣೆ ಎಷ್ಟು ಎಂಎಲ್ ಹಾಕಲಿ?

ಬೆಂಗಳೂರಲ್ಲಿ ಮಳೆ ಶುರುವಾದರೆ ಈ ಪ್ರಶ್ನೆಯೂ ಶುರು. ಒಮ್ಮೆ ವಿಜಯನಗರದಿಂದ, ಒಮ್ಮೆ ಯಲಹಂಕದಿಂದ. ಉತ್ತರ ಅದೇ: ಮೊಟ್ಟೆ ಅಲ್ಲ, ಹುಳ ಇಲ್ಲ, ಎಣ್ಣೆ ಸೊನ್ನೆ ಎಂಎಲ್.

ಇದು ಬುಡ ಕೊಳೆ ರೋಗ. ಕಾರಣ ಸ್ಕ್ಲೆರೋಶಿಯಂ ರಾಲ್ಫ್ಸಿ ಎಂಬ ಮಣ್ಣಿನ ಶಿಲೀಂಧ್ರ. 1892ರಲ್ಲಿ ಫ್ಲಾರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಇದನ್ನು ಮೊದಲು ವರದಿ ಮಾಡಿದ್ದೂ ಟೊಮೆಟೊ ಗಿಡದಲ್ಲೇ. ಸುಮಾರು 500 ಜಾತಿಯ ಗಿಡಗಳಿಗೆ ಬರುತ್ತದೆ. ಮೆಣಸಿನಕಾಯಿ, ಬದನೆ, ಹುರುಳಿಕಾಯಿ, ಸೇವಂತಿಗೆ ಯಾವುದನ್ನೂ ಬಿಡುವುದಿಲ್ಲ. ನಮ್ಮ ರಾಗಿಗೂ ಬರುತ್ತದೆ. ಕಡಲೆಕಾಯಿ ಬೆಳೆಯುವವರಿಗಂತೂ ಇದು ಹಳೇ ಶತ್ರು.

ಈಗ ಬೇವಿನೆಣ್ಣೆಗೆ ಬರೋಣ. ಬಿಳಿ ಕಂಡ ತಕ್ಷಣ ಹಿಟ್ಟು ತಿಗಣೆ ಅಂದುಕೊಳ್ಳುವುದರಿಂದ ಈ ಗೊಂದಲ. ಒಂದು ಕಡ್ಡಿ ತಗೊಂಡು ಕೆದಕಿ ನೋಡಿ. ತಿಗಣೆಯಾದರೆ ಪುಟ್ಟ ಉಂಡೆಯ ಹಾಗೆ ಕಿತ್ತು ಬರುತ್ತದೆ, ಕಾಲು ಕಾಣುತ್ತದೆ, ಒತ್ತಿದರೆ ರಸ ಬರುತ್ತದೆ. ಶಿಲೀಂಧ್ರವಾದರೆ ಬಿಳಿ ನೂಲು ಬೀಸಣಿಗೆಯಂತೆ ಹರಡಿ, ಕಾಂಡದಿಂದ ಮಣ್ಣಿನ ಮೇಲೂ ಹೋಗಿರುತ್ತದೆ. ಕಾಳುಗಳು ಮೊದಲು ಬಿಳಿ, ಆಮೇಲೆ ಕಂದು. ಬಲಿತ ಕಾಳನ್ನು ಉಗುರಲ್ಲಿ ಒತ್ತಿದರೆ ಮೊಟ್ಟೆಯ ಹಾಗೆ ಪಚಕ್ ಅನ್ನುವುದಿಲ್ಲ. ಗಟ್ಟಿ ಸಿಪ್ಪೆಯ ಈ ಕಾಳುಗಳೇ ಶಿಲೀಂಧ್ರದ ಬೀಜ ಇದ್ದ ಹಾಗೆ. ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತವೆ.

ಈ ಶಿಲೀಂಧ್ರ ಆಕ್ಸಾಲಿಕ್ ಆಮ್ಲ ಸುರಿಸಿ ಬುಡದ ತೊಗಟೆಯನ್ನು ಮೊದಲು ಸಾಯಿಸುತ್ತದೆ, ಆಮೇಲೆ ಒಳಗೆ ನುಗ್ಗುತ್ತದೆ. ಕಾಂಡದ ಸುತ್ತ ಕೊಳೆತ ಮೇಲೆ ನೀರು ಮೇಲೇರುವುದು ಹೇಗೆ? ನೀವು ಎಲೆ ಬಾಡಿದ್ದು ನೋಡುವ ಹೊತ್ತಿಗೆ ಕೆಳಗೆ ಎಲ್ಲ ಮುಗಿದಿರುತ್ತದೆ. ಆಗ ಎಲೆಗೆ ಎಣ್ಣೆ ಹೊಡೆಯುವುದು, ಸಂಪಿನ ಮೋಟಾರ್ ಸುಟ್ಟಿರುವಾಗ ಅಡುಗೆಮನೆ ನಲ್ಲಿ ಬದಲಾಯಿಸಿದ ಹಾಗೆ.

"ನಾನು ಹೊಡೆದೆ, ಪಕ್ಕದ ಕುಂಡಕ್ಕೆ ರೋಗ ಬರಲಿಲ್ಲ" ಅನ್ನುವವರು ಇದ್ದೇ ಇದ್ದಾರೆ. ಬರಲಿಲ್ಲ, ನಿಜ. ಈ ರೋಗ ಸಾಮಾನ್ಯವಾಗಿ ಗಾಳಿಯಲ್ಲಿ ಹಾರಿ ಹೋಗುವುದಿಲ್ಲ. ಮಣ್ಣು, ಹರಿಯುವ ನೀರು, ತೊಳೆಯದ ಕುರ್ಪಿ, ಇವುಗಳ ಜೊತೆ ಹೋಗುತ್ತದೆ. ಪಕ್ಕದ ಗಿಡ ಉಳಿಸಿದ್ದು ಕುಂಡದ ಗೋಡೆ. ಹೆಸರು ಎಣ್ಣೆಗೆ! ಬೇವಿನ ಹಿಂಡಿ ಬೇರೆ ವಿಷಯ. ಅದನ್ನು ಗಿಡ ನೆಡುವ ಮೊದಲೇ ಮಣ್ಣಿಗೆ ಬೆರೆಸಿದರೆ ಒಳ್ಳೆಯದೇ.

ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು, ಕವರ್‌ನಲ್ಲಿ ಕಟ್ಟಿ ಬಿಸಾಡಿ. ಕಾಂಪೋಸ್ಟ್ ಡಬ್ಬಕ್ಕೆ ಬೇಡವೇ ಬೇಡ. ಉಳಿದ ಮಣ್ಣನ್ನು ಬೇಸಿಗೆವರೆಗೆ ಎತ್ತಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ತೆಳ್ಳಗೆ ಹರಡಿ, ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ನಾಲ್ಕಾರು ವಾರ ಬಿಸಿಲಿಗೆ ಬಿಡಿ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕಾಳುಗಳು 4ರಿಂದ 6 ಗಂಟೆಯಲ್ಲಿ ಸಾಯುತ್ತವೆ. ಜುಲೈ ಮೋಡದಲ್ಲಿ ಎರಡು ದಿನ ಒಣಗಿಸಿದರೆ ಏನೂ ಆಗುವುದಿಲ್ಲ. ಟ್ರೈಕೋಡರ್ಮಾ ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ. ಅದರ ಪುಡಿಯನ್ನು ಒಂದು ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 10 ಗ್ರಾಂನಂತೆ ಬೆರೆಸಿ, ನೆರಳಲ್ಲಿ ತೇವವಾಗಿ 15 ದಿನ ಇಟ್ಟು, ನೆಡುವ ಮೊದಲು ಮಣ್ಣಿಗೆ ಸೇರಿಸಿ. ಸತ್ತ ಗಿಡವನ್ನು ಅದು ಎಬ್ಬಿಸುವುದಿಲ್ಲ.

ಯಾರೂ ನೇರವಾಗಿ ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹಾಕಿದವರು, "ರಕ್ಷಕ್ ಅಂತ ಹೆಸರು, ಆದರೂ ಬಾಡಿತಲ್ಲ" ಅಂತ ಬೈಯುತ್ತಾರೆ. ಆ ತಳಿ ತಡೆದುಕೊಳ್ಳುವುದು ಎಲೆ ಮುಟುರು ವೈರಸ್, ಬ್ಯಾಕ್ಟೀರಿಯಾದ ಸೊರಗು ರೋಗ ಮತ್ತು ಬೇಗ ಬರುವ ಅಂಗಮಾರಿಯನ್ನು (ಅರ್ಲಿ ಬ್ಲೈಟ್). ಬುಡ ಕೊಳೆ ಆ ಪಟ್ಟಿಯಲ್ಲೇ ಇಲ್ಲ. ಯಾವುದು ಬಂದಿದೆ ಅಂತ ತಿಳಿಯಬೇಕಾ? ಬಾಡಿದ ಗಿಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ, ಮುಂದಿನ ಸಲ ರಕ್ಷಕ್ ಹಾಕಿ. ನೀರು ತಿಳಿಯಾಗೇ ಇದ್ದು ಬುಡದಲ್ಲಿ ಬಿಳಿ ನೂಲಿದ್ದರೆ, ಬೇಸಿಗೆ ಬಿಸಿಲು ಕಾಣುವವರೆಗೆ ಆ ಮಣ್ಣಿಗೆ ಯಾವ ತಳಿಯನ್ನೂ ಹಾಕಬೇಡಿ.